ಚಕ್ಕುಲಿ ಕಂಬಳಕ್ಕೆ ಬಂದವರಿಗೆಲ್ಲ

ಕಳೆದ ಶನಿವಾರ ರಾತ್ರಿ ನಮ್ಮೂರ ದೇವಸ್ಥಾನದ ಅಂಗಳದಲ್ಲಿ ಪರದೆ ಕಟ್ಟಿ ನಮ್ಮ ಸಿನಿಮಾ ತೋರಿಸಿದೆವು. ಥಿಯೇಟರಿಗೆ ಹೋಗುವ ಮೊದಲು ಊರವರೇ ನೋಡಬೇಕು ಅಂತ ನನ್ನ ಹಟ ಇತ್ತು. ಮುಗಿದ ಮೇಲೆ ನಾಲ್ಕು ಮಾತಾಡು ಅಂತ ಮೈಕ್ ಕೊಟ್ಟರು. ಗಂಟಲು ಕಟ್ಟಿತು, ಕೈಮುಗಿದು ಕೂತುಬಿಟ್ಟೆ. ಅವತ್ತು ಹೇಳಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಶಿರಸಿ ಕಡೆಯ ಒಂದು ಹಳೇ ಮನೆ. ಅಣ್ಣ, ತಮ್ಮ, ಬೆಂಗಳೂರಲ್ಲಿರುವ ತಂಗಿ. ತೋಟ ಪಾಲಾದಾಗ ಮಾತು ನಿಂತಿದೆ, ಜಗುಲಿಯ ಮಧ್ಯೆ ಗೋಡೆ ಎದ್ದಿದೆ. ಅಮ್ಮನಿಗೆ 80 ತುಂಬಿದ ವರ್ಷ ಚೌತಿಗೆ ಮೂವರೂ ಬರಲೇಬೇಕು ಅಂತ ಅವಳು ಪಟ್ಟು ಹಿಡಿಯುತ್ತಾಳೆ. ಬರುತ್ತಾರೆ, ಆದರೆ ಅಣ್ಣ ಒಂದು ಗಣಪತಿ ತರುತ್ತಾನೆ, ತಮ್ಮ ಇನ್ನೊಂದು. ಒಂದೇ ಸೂರಿನ ಕೆಳಗೆ ಎರಡು ಗಣಪತಿ, ಗಣಪತಿಯ ಮೇಲೆ ಕಟ್ಟುವ ಹಣ್ಣುಕಾಯಿಗಳ ಫಲಾವಳಿಯೂ ಎರಡು, ಪೂಜೆಗೆ ಬಂದ ಭಟ್ಟರು ಮಾತ್ರ ಒಬ್ಬರೇ. ಚೌತಿ ಚಂದ್ರನನ್ನು ನೋಡಬಾರದು ಅನ್ನುವ ಹಾಗೆ ಅಣ್ಣತಮ್ಮ ಮುಖ ತಪ್ಪಿಸಿಕೊಂಡು ಓಡಾಡುತ್ತಾರೆ. ಭಟ್ಟರು ಮಂಗಳಾರತಿ ಹಿಡಿದು ಗೋಡೆಯ ಆಚೆಗೂ ಈಚೆಗೂ ಓಡುವಾಗ ಅಂಗಳದಲ್ಲಿ ಎದ್ದ ನಗು ನನಗೆ ಇನ್ನೂ ಕೇಳುತ್ತಿದೆ.

ದುಡ್ಡು ಹಾಕುತ್ತೇನೆ ಅಂದವರೊಬ್ಬರು ಶೂಟಿಂಗಿಗೆ 9 ದಿನ ಇರುವಾಗ ಹಿಂದೆ ಸರಿದರು. ಅವರ ವಿಷಯ ಬೇಡ. ಸುದ್ದಿ ಕೇಳಿ ಅಪ್ಪ ಏನೂ ಹೇಳಲಿಲ್ಲ. ಮರುದಿನ ಬೆಳಗಿನ ಜಾವ ಅಟ್ಟದಿಂದ ಚಾಲಿ ಅಡಿಕೆಯ ಚೀಲ ಇಳಿಸುವ ಸದ್ದಿಗೆ ನನಗೆ ಎಚ್ಚರವಾಯಿತು. ರೇಟು ಇನ್ನೂ ಏರಲಿ ಅಂತ ಇಟ್ಟುಕೊಂಡಿದ್ದ ಅಡಿಕೆ ಅದು. ಅಪ್ಪಾ, ನಮ್ಮ ಮನೆಯಲ್ಲಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವ ರೂಢಿ ಇಲ್ಲ. ಇವತ್ತು ಹೇಳುತ್ತೇನೆ.

ಮಳೆಗಾಲದಲ್ಲಿ ಯಾರಾದರೂ ಶೂಟಿಂಗ್ ಇಡುತ್ತಾರಾ ಅಂತ ಸುಮಾರು ಜನ ಕೇಳಿದ್ದರು. ಚೌತಿಯ ಕತೆ ಅಲ್ವಾ, ಮಳೆ ಬೇಕಿತ್ತು. ಇನ್ನೊಂದು ಕಾರಣ, ಯಕ್ಷಗಾನ ಮೇಳಗಳ ತಿರುಗಾಟ ನವೆಂಬರಿನಿಂದ ಮೇ ತನಕ, ಆಗ ಕಲಾವಿದರು ಸಿಗುವುದೇ ಇಲ್ಲ. ನಮ್ಮ ಅಣ್ಣನ ಪಾತ್ರ ಮಾಡಿದವರು ಬಡಗುತಿಟ್ಟು ಯಕ್ಷಗಾನದ ಹಾಸ್ಯಗಾರರು. ಹೊನ್ನಾವರದಿಂದ ದಿನಾ ಬಸ್ಸಲ್ಲಿ ಹೋಗಿಬಂದು ಮಾಡುತ್ತೇನೆ ಅಂದಿದ್ದರು, ನಾವೇ ಬೇಡ ಅಂತ ಮನೆಯಲ್ಲಿ ಉಳಿಸಿಕೊಂಡೆವು. ಜನ ನಗುವ ಜಾಗ ಯಾವುದು, ನಕ್ಕ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದನ್ನು ನನಗೆ ಕಲಿಸಿದವರು ಅವರು. ಅವರು ಹೇಳಿದ ಹಾಗೆ ಎರಡು ಕಡೆ ಮಾತು ಕತ್ತರಿಸಿದೆ. ಆ ಎರಡೂ ಕಡೆ ಶನಿವಾರ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ಕುಮಟಾ ರಸ್ತೆ ಬಂದ್ ಆದ ದಿನ ಜನರೇಟರ್ ಗಾಡಿ ದೊಡ್ಮನೆ ಘಟ್ಟ ಹತ್ತಿ ಸಿದ್ದಾಪುರದ ಮೇಲೆ ಸುತ್ತಿ ಬಂತು. ಆ ಡ್ರೈವರಣ್ಣ ರಾತ್ರಿ ಹನ್ನೊಂದಕ್ಕೆ ತಲುಪಿ, ಊಟಕ್ಕೂ ಕೂರದೆ ಮೊದಲು ಲೈಟ್ ಹತ್ತಿಸಿಕೊಟ್ಟರು. ನೆನೆಯದ ದಿನ ಇಲ್ಲ.

ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡನಿಗೆ ಎರಡು ಸಲ ಥ್ಯಾಂಕ್ಸ್ ಹೇಳಬೇಕು. ಮಳೆ ಒಂದು ದಿನ ಬಿಡುವು ಕೊಟ್ಟರೆ ಅವನು ಮೈಲುತುತ್ತ, ಸುಣ್ಣದ ಔಷಧಿ ಹೊಡೆಯಲು ಮರ ಹತ್ತಲೇಬೇಕು, ಇಲ್ಲದಿದ್ದರೆ ಕೊಳೆ ರೋಗ ಬಂದು ವರ್ಷದ ಬೆಳೆಯೇ ಹೋಗುತ್ತದೆ. ಅವನದ್ದೂ ಸಿನಿಮಾದಲ್ಲಿ ಪಾತ್ರ ಇತ್ತು. ಅಂಥ ದಿನಗಳಲ್ಲಿ ನಾವೇ ಶೂಟಿಂಗ್ ಬದಲಾಯಿಸಿಕೊಂಡೆವು. ಅದಕ್ಕೆ ಬದಲಾಗಿ ಅವನು ಒಂದು ಸಂಜೆ ಸಣ್ಣ ಕ್ಯಾಮೆರಾ ಎದೆಗೆ ಕಟ್ಟಿಕೊಂಡು ಮರದಿಂದ ಮರಕ್ಕೆ ದಾಟುತ್ತ ಇಡೀ ತೋಟ ತೆಗೆದುಕೊಟ್ಟ. ಸಿನಿಮಾ ಶುರುವಾಗುವುದೇ ಆ ಚಿತ್ರದಿಂದ.

ಚಕ್ಕುಲಿ ಕಂಬಳ, ಅಂದರೆ ಚೌತಿಗೆ ಮೊದಲು ಊರವರೆಲ್ಲ ಒಂದು ಮನೆಯಲ್ಲಿ ಸೇರಿ ಚಕ್ಕುಲಿ ಮಾಡುವುದು, ಆ ದೃಶ್ಯ ನಿಮ್ಮೆಲ್ಲರದ್ದು. ಕಾಗದದಲ್ಲಿ ಅದು ಅರ್ಧ ಪುಟ. ಎಂಟು ಜನ ಬರುತ್ತೀರಿ ಅಂದುಕೊಂಡಿದ್ದೆ, 27 ಜನ ಬಂದಿರಿ. ಅಕ್ಕಿ ಹಿಟ್ಟು, ಹುರಿದ ಉದ್ದಿನ ಹಿಟ್ಟು, ಎಳ್ಳು, ಓಮ, ಬೆಣ್ಣೆ ಎಲ್ಲ ನಿಮ್ಮ ನಿಮ್ಮ ಮನೆಯಿಂದಲೇ. ಕೈ ಚಕ್ಕುಲಿ ಅಂದರೆ ಒರಳಿಗೆ ಹಾಕಿ ಒತ್ತುವುದಲ್ಲ. ಹಿಟ್ಟು ಜಿಗುಟು ಬರುವ ತನಕ ನಾದಿ, ಬೆರಳ ತುದಿಯಲ್ಲೇ ಹುರಿ ಹಾಕುತ್ತ ಸುತ್ತಬೇಕು. ಮೇಲಿನ ಮನೆ ಭಾವ ಒಂದೊಂದಕ್ಕೆ ಐದು ಸುತ್ತು ಹಾಕುತ್ತಿದ್ದರು, ಒಂದೂ ಹರಿಯಲಿಲ್ಲ. ಮೂರನೇ ಸಲ ತೆಗೆಯೋಣ ಅಂದಾಗ ಕೆಳಗಿನ ಮನೆ ಅತ್ತೆ ಮಾತ್ರ ಒಪ್ಪಲಿಲ್ಲ. ದೇವರ ಮುಂದೆ ಇಡುವುದನ್ನು ಕೆಡಿಸಿ ಮತ್ತೆ ಮಾಡುವುದಿಲ್ಲ ಅಂದರು. ಅತ್ತೆ, ನೀವು ಹೇಳಿದ್ದೇ ಸರಿ. ಎರಡನೇ ಸಲದ್ದೇ ಸಿನಿಮಾದಲ್ಲಿದೆ.

ಸೌಂಡ್ ರೆಕಾರ್ಡ್ ಮಾಡಿದ ಹುಡುಗ ಆ ರಾತ್ರಿ ಮಲಗಲೇ ಇಲ್ಲ. ಹಂಚಿನ ಮೇಲಿನ ಮಳೆ, ತಗಡಿನ ಮೇಲಿನ ಮಳೆ, ಅಡಿಕೆ ಹಾಳೆಯ ಮೇಲಿನದ್ದು, ಬಾಳೆ ಎಲೆಯ ಮೇಲಿನದ್ದು ಅಂತ ಬೇರೆ ಬೇರೆಯಾಗಿ ಹಿಡಿದ. ತಮ್ಮಾ, ಊರವರು ಕಣ್ಣು ಮುಚ್ಚಿಕೊಂಡು ಕೇಳಿದರೂ ಯಾವ ಜಾಗದ ಮಳೆ ಅಂತ ಹೇಳುತ್ತಾರೆ.

ಇನ್ನು ದೊಡ್ಡಪ್ಪ. ಸಿನಿಮಾದಲ್ಲಿ ಕಾಣುವ ಗೋಡೆ ಸೆಟ್ ಅಲ್ಲ ಅಂತ ಊರಿಗೆಲ್ಲ ಗೊತ್ತು. ಅದು ನಮ್ಮದೇ ಮನೆ. ಅಪ್ಪನೂ ದೊಡ್ಡಪ್ಪನೂ ಮಾತು ಬಿಟ್ಟು 14 ವರ್ಷ. ಆಚೆ ಭಾಗ ಬೇಕು ಅಂತ ಕೇಳಲು ಹೋದಾಗ ನನ್ನ ಕೈ ನಡುಗುತ್ತಿತ್ತು. ಆಸರಿಗೆ ಎಂತ ಬೇಕು ಅಂತ ಕೇಳಿದರು, ಪುನರ್ಪುಳಿ ಶರಬತ್ತು ಕೊಟ್ಟರು, ಆಮೇಲೆ ಅಂದರು, "ಮನೆ ಕೊಡ್ತಿ ಕೂಸೆ, ಮಾತು ಕೇಳಡ." ಮನೆ ಕೊಡುತ್ತೇನೆ, ಮಾತಾಡು ಅಂತ ಮಾತ್ರ ಕೇಳಬೇಡ ಅಂತ. ಅಷ್ಟೇ. 23 ದಿನ ಅವರ ಅಡುಗೆಮನೆಯೂ ನಮ್ಮದಾಗಿತ್ತು.

ಒಂದು ದಿನ ತಮ್ಮನ ಪಾತ್ರದವರು ಕವಳ, ಅಂದರೆ ಎಲೆ ಅಡಿಕೆ, ಹಾಕುವ ದೃಶ್ಯ. ಅವರು ಪೇಟೆಯವರು, ಕೈಗೆ ಕೂಡಿಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ದೊಡ್ಡಪ್ಪ ಒಳಗೆ ಬಂದರು. ಎಲೆ ತೊಡೆಗೆ ಒರೆಸಿ, ತುದಿ ಚಿವುಟಿ ಹಣೆಗೆ ಅಂಟಿಸಿಕೊಂಡು, ಬೆನ್ನಿನ ನಾರು ಎಳೆದು, ಉಂಗುರ ಬೆರಳಲ್ಲಿ ಸುಣ್ಣ ಸವರಿದರು. "ಅಂವ ಹೀಂಗೆ ಮಾಡ್ತಾ" ಅಂದರು. ಅಂವ ಅಂದರೆ ಯಾರು ಅಂತ ಯಾರೂ ಕೇಳಲಿಲ್ಲ. ಅಪ್ಪ ಕವಳ ಹಾಕುವುದು ಹಾಗೆಯೇ, ಹಣೆಗೆ ಎಲೆಯ ತುದಿ ಅಂಟಿಸಿಕೊಂಡು. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ.

ಶನಿವಾರ ಅದೇ ದೃಶ್ಯ ಬಂದಾಗ ಅಪ್ಪ ಎರಡನೇ ಸಾಲಿನಲ್ಲಿದ್ದರು. ಕೈಯಲ್ಲಿ ಅರ್ಧ ಸುಣ್ಣ ಸವರಿದ ಎಲೆ ಇತ್ತು. ಸವರುವುದು ನಿಂತಿತು. ಹಿಂದೆ ತಿರುಗಿ ನೋಡಿದರು, ದೊಡ್ಡಪ್ಪ ಕೂತಿದ್ದ ಕಡೆಗೇ. ಮಾತಾಡಿದರಾ ಅಂತ ಎಲ್ಲರೂ ನನ್ನನ್ನು ಕೇಳುತ್ತಿದ್ದೀರಿ. ಇಲ್ಲ. ಆದರೆ ದೊಡ್ಡಪ್ಪನ ಕವಳದ ತಟ್ಟೆಯಲ್ಲಿ ಅಡಿಕೆ ಖಾಲಿಯಾಗಿತ್ತು, ಅಪ್ಪ ತಮ್ಮದನ್ನು ನನ್ನ ಕೈಲಿ ಕೊಟ್ಟು "ಹಿಂದೆ ಕೊಡು" ಅಂದರು. ಕೊಟ್ಟೆ. ದೊಡ್ಡಪ್ಪ ತೆಗೆದುಕೊಂಡರು. ದೊಡ್ಡಪ್ಪಾ, ನಿಮ್ಮ ಋಣ ನನ್ನ ಮೇಲಿದೆ.

ಹೆಸರು ಬಿಟ್ಟವರು ತುಂಬ ಜನ, ಬೇಜಾರು ಮಾಡಿಕೊಳ್ಳಬೇಡಿ, ಮನೆಮನೆಗೆ ಬಂದು ಹೇಳುತ್ತೇನೆ. ಮತ್ತೆ, ಕಂಬಳದ ದಿನ ತಂದಿದ್ದ ಒಂದು ಹಿತ್ತಾಳೆ ಬೋಗುಣಿ ಮತ್ತು ಎರಡು ಜರಡಿ ನಮ್ಮ ಮನೆಯಲ್ಲೇ ಉಳಿದಿದೆ. ಬೋಗುಣಿಯ ತಳದಲ್ಲಿ ಕೊರೆದ ಹೆಸರು ಸವೆದುಹೋಗಿದೆ, ಓದಲು ಆಗುತ್ತಿಲ್ಲ. ಯಾರದ್ದು ಅಂತ ತಿಳಿಸಿ, ಚೌತಿಯ ಒಳಗೆ ತಲುಪಿಸುತ್ತೇನೆ.