ಮಗಳಿಗೊಂದು ಪತ್ರ: ರಣಥಂಬೋರ್‌ನ ಹೆಣ್ಣುಹುಲಿಗಳು

ಪ್ರೀತಿಯ ಪುಟ್ಟಿ,

ರಾಜಸ್ಥಾನದ ರಣಥಂಬೋರ್ ಕಾಡು ನೋಡಿಕೊಂಡು ನಿನ್ನೆ ಊರು ತಲುಪಿದೆವು. ನೀನು ಫೋನಿನಲ್ಲಿ "ಹುಲಿ ಕಾಣಿಸ್ತಾ ಅಮ್ಮಾ?" ಅಂತ ಕೇಳಿದೆ. ಕಾಣಿಸಿತು. ಆದರೆ ಅದರ ಹಿಂದೆ ಒಂದು ದೊಡ್ಡ ಕಥೆ ಇದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ರಾಜಬಾಗ್ ಕೆರೆಯ ದಂಡೆಯಲ್ಲಿ ಜೀಪು ನಿಂತಿತ್ತು. ಒಂದು ಕಡವೆ ಹೊಟ್ಟೆಯವರೆಗೂ ನೀರಿಗಿಳಿದು ಕಳೆ ಮೇಯುತ್ತಿತ್ತು. ಬಾಯಿಂದ ಹಸಿರು ಎಳೆಗಳು ಜೋತಾಡುತ್ತಿದ್ದವು. ಇದ್ದಕ್ಕಿದ್ದಂತೆ ಮೇಯುವುದು ನಿಂತಿತು. ಕಿವಿ ನಿಗುರಿತು, ಬಾಲ ಎದ್ದಿತು, ಮುಂಗಾಲಿನಿಂದ ನೀರನ್ನು ಒಮ್ಮೆ ಬಡಿದು ಗಟ್ಟಿಯಾಗಿ ಕೂಗಿತು. ಆಚೆ ಹುಲ್ಲಿನಿಂದ ಹೆಣ್ಣುಹುಲಿ ಎದ್ದು, ಯಾರನ್ನೂ ನೋಡದೆ, ಪಾಳುಬಿದ್ದ ಅರಮನೆಯ ಕಡೆ ನಡೆದುಹೋಯಿತು. ರಿದ್ಧಿ ಅಂತ ಗೈಡ್ ಹೇಳಿದ. ಅಪ್ಪ ನನ್ನ ಕೈ ಹಿಡಿದುಕೊಂಡಿದ್ದರು.

ಈ ಕೆರೆಗಳು ಒಂದು ಕಾಲಕ್ಕೆ ಮಛಲಿ ಎಂಬ ಹುಲಿಯ ರಾಜ್ಯ. ಮೊಸಳೆಯ ಜೊತೆ ಕಾದಾಡಿ ಗೆದ್ದವಳು. ಅವಳ ಮಗಳು ಸುಂದರಿ ಬೆಳೆದು ಅಮ್ಮನನ್ನೇ ಓಡಿಸಿ ಕೆರೆಗಳನ್ನು ಹಿಡಿದಳು. ಆಮೇಲೆ ಮಛಲಿಯ ಇನ್ನೊಬ್ಬ ಮಗಳು ಕೃಷ್ಣಾ. ಕೃಷ್ಣಾಳ ಮಗಳು ಆರೋಹೆಡ್, ಅವಳ ಮಗಳೇ ನಾವು ನೋಡಿದ ರಿದ್ಧಿ. ಹುಲಿಗಳಲ್ಲಿ ಗಂಡುಮರಿಗಳು ದೊಡ್ಡವಾದ ಮೇಲೆ ದೂರ ಹೋಗುತ್ತವೆ, ಹೆಣ್ಣುಮರಿಗಳು ಆದಷ್ಟೂ ಅಮ್ಮನ ಪಕ್ಕದಲ್ಲೇ ಜಾಗ ಮಾಡಿಕೊಳ್ಳುತ್ತವೆ. ನಮ್ಮ ಮನೆಗಳಲ್ಲಿ ಉಲ್ಟಾ, ಅಲ್ವಾ? ಮಛಲಿ ಕೋರೆಹಲ್ಲೆಲ್ಲ ಉದುರಿದ ಮೇಲೂ ಕಾಡಿನ ಅಂಚಿನಲ್ಲಿ ಬದುಕಿದ್ದು 2016ರಲ್ಲಿ ತೀರಿಕೊಂಡಳು.

ಅವಳ ಮಕ್ಕಳೆಲ್ಲ ಇಲ್ಲೇ ಉಳಿಯಲಿಲ್ಲ. ಸರಿಸ್ಕಾ ಕಾಡು ಗೊತ್ತಲ್ಲ, ರಾಜಸ್ಥಾನದ್ದೇ. ಬೇಟೆಯಿಂದಾಗಿ ಅಲ್ಲಿ ಒಂದೂ ಹುಲಿ ಉಳಿದಿಲ್ಲ ಅಂತ 2005ರಲ್ಲಿ ಗೊತ್ತಾಯಿತು. 2008ರಲ್ಲಿ ರಣಥಂಬೋರ್‌ನಿಂದ ಹೆಲಿಕಾಪ್ಟರ್‌ನಲ್ಲಿ ಹುಲಿಗಳನ್ನು ಕಳಿಸಿದರು. ಅದರಲ್ಲಿ ಮಛಲಿಯ ಮಗಳೊಬ್ಬಳಿದ್ದಳು. ಗುರುತಿಲ್ಲದ ಕಾಡು. ವರ್ಷಗಟ್ಟಲೆ ಮರಿ ಆಗಲಿಲ್ಲ. 2012ರಲ್ಲಿ ಕಡೆಗೂ ಮರಿಗಳ ಜೊತೆ ಕಾಣಿಸಿಕೊಂಡಳು. ಅಲ್ಲಿಯ ಜನ ಅವಳನ್ನು ರಾಜಮಾತಾ ಅಂತ ಕರೆದರು. ಇದನ್ನು ಕೇಳುವಾಗ ನನಗೆ ನೀನು ಸೂಟ್‌ಕೇಸ್ ತಳ್ಳಿಕೊಂಡು ಹ್ಯಾಂಬರ್ಗ್‌ಗೆ ಹೊರಟಿದ್ದು ನೆನಪಾಗಿ ಗಂಟಲು ಕಟ್ಟಿತು.

ಕೋಟೆ ಕಾಡಿನ ನಡುವೆಯೇ, ಗುಡ್ಡದ ಮೇಲಿದೆ. ಮೆಟ್ಟಿಲು ಕಡಿದು, ಗೋಡೆಯ ತುಂಬ ಮುಸುವಗಳು. 1301ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಇದನ್ನು ಮುತ್ತಿದ್ದು, ದೊರೆ ಹಮ್ಮೀರ ದೇವ ಶರಣು ಬಂದ ಮಂಗೋಲ್ ಬಂಡುಕೋರರನ್ನು ಬಿಟ್ಟುಕೊಡಲಿಲ್ಲ ಎಂಬ ಕಾರಣಕ್ಕೆ. ನನ್ನನ್ನು ಸುಲ್ತಾನನಿಗೆ ಕೊಟ್ಟು ಕೋಟೆ ಉಳಿಸಿಕೋ ಎಂದು ಮಗಳೇ ಕೇಳಿದಳಂತೆ, ಅಪ್ಪ ಒಪ್ಪಲಿಲ್ಲವಂತೆ. ಹಳೆಯ ಕಾವ್ಯದ ಮಾತು. ಕೋಟೆ ಬಿತ್ತು, ಒಳಗಿದ್ದ ಹೆಂಗಸರು ಬೆಂಕಿಗೆ ಹಾರಿದರು. ಇದನ್ನು ಶೌರ್ಯ ಅಂತ ಹಾಡಿ ಹೊಗಳುವುದು ನನ್ನಿಂದಾಗುವುದಿಲ್ಲ. ಸಂಕಟವೇ ಆಯಿತು. ಮಗಳನ್ನು ಕೊಡಲ್ಲ ಅಂದ ಅಪ್ಪ ಮಾತ್ರ ಮನಸ್ಸಿನಲ್ಲಿ ಉಳಿದ.

ಮೇಲೆ ತ್ರಿನೇತ್ರ ಗಣೇಶನ ಗುಡಿ. ದೇಶದ ಮೂಲೆಮೂಲೆಯಿಂದ ಮೊದಲ ಲಗ್ನಪತ್ರಿಕೆ ಇವನಿಗೇ ಅಂಚೆಯಲ್ಲಿ ಬರುತ್ತದೆ. ಹುಲಿ ಓಡಾಡುವ ದಾರಿಯಲ್ಲೇ ಬುಧವಾರ ಜನ ಸಾಲುಗಟ್ಟಿ ಬರುತ್ತಾರೆ. ನಾನು ನಿನ್ನ ಮದುವೆಗೆ ಅಂತ ಏನೂ ಬೇಡಲಿಲ್ಲ. ಅಲ್ಲಿ ನೀನು ಚೆನ್ನಾಗಿರು ಅಂತಷ್ಟೇ ಕೇಳಿಕೊಂಡೆ.

ಡಿಸೆಂಬರ್‌ನಲ್ಲಿ ಬರುತ್ತೀಯಲ್ಲ, ತಾರೀಕು ಬೇಗ ಹೇಳು. ಕೆರೆಗಳಿರುವ ಸಫಾರಿಯ ಮೂರನೇ ವಲಯಕ್ಕೆ ಬೇಡಿಕೆ ಜಾಸ್ತಿ, ಮುಂಚೆಯೇ ಬುಕ್ ಮಾಡಬೇಕು. ಅಲ್ಲಿಯ ದಪ್ಪ ಜಾಕೆಟ್ ತಗೊಂಡು ಬಾ, ಬೆಳಗಿನ ಜೀಪಿನಲ್ಲಿ ಚಳಿ ಕೊರೆಯುತ್ತದೆ. ಈ ಸಲ ಸರಿಸ್ಕಾಗೂ ಹೋಗೋಣ ಅಂತ ಅಪ್ಪ ಹೇಳಿದ್ದಾರೆ.

ನಿನ್ನ
ಅಮ್ಮ