ಪ್ಲಗ್ ವೈರ್ ಪೊಟ್ಟಣದ ಮೇಲೆ ಓಮ್ ಲೆಕ್ಕ ನಮೂದಾಗಲಿ

ಮಾನ್ಯ ಸಂಪಾದಕರೇ,

ಹಳೆಯ ಪೆಟ್ರೋಲ್ ಕಾರುಗಳ ಎಂಜಿನ್‌ಗೆ ಕಸುವು ತುಂಬಿಸಿ ಓಡಿಸುವ ಹವ್ಯಾಸ ಬೆಂಗಳೂರಿಗೆ ಹೊಸದೇನಲ್ಲ. 1951ರಲ್ಲಿ ಆರಂಭವಾದ ಮೈಕೋ ಸಂಸ್ಥೆಯ ಸ್ಪಾರ್ಕ್ ಪ್ಲಗ್‌ಗಳು ಆಡುಗೋಡಿಯಲ್ಲೇ ತಯಾರಾಗುತ್ತಿದ್ದ ಊರಿದು. ಬಿಡಿಭಾಗ ಬೇಕೆಂದರೆ ಇಂದಿಗೂ ಜೆ.ಸಿ. ರಸ್ತೆಯತ್ತ ಹೊರಡುವವರು ನಾವು. ಆದರೂ ಪ್ಲಗ್‌ಗೆ ವಿದ್ಯುತ್ ಒಯ್ಯುವ ವೈರನ್ನು ಮಾತ್ರ ಬಣ್ಣ ಮತ್ತು ದಪ್ಪ ನೋಡಿ ಕೊಳ್ಳುವ ರೂಢಿ ಬೆಳೆದುಬಿಟ್ಟಿದೆ. ಈಚೆಗೆ ನಗರದ ಅಂಗಡಿಯೊಂದರಲ್ಲಿ 10 ಮಿಲಿಮೀಟರ್ ದಪ್ಪದ ಕೆಂಪು ವೈರ್ ಸೆಟ್ಟನ್ನು ನನ್ನ ಕೈಗಿಟ್ಟು, ಹಾಕಿಸಿದ ಕೂಡಲೇ ಪಿಕಪ್ ಏರುತ್ತದೆಂದು ಭರವಸೆ ಕೊಟ್ಟರು. ಒಳಗಿನ ವಾಹಕ ಯಾವುದು, ಅದರ ರೋಧ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಎಷ್ಟು ಓಮ್, ಹೊದಿಕೆ ಎಷ್ಟು ಶಾಖ ತಡೆದೀತು ಎಂಬುದೊಂದೂ ಪೊಟ್ಟಣದ ಮೇಲೆ ಇರಲಿಲ್ಲ. ತಯಾರಕರ ವಿಳಾಸವೂ ಇರಲಿಲ್ಲ.

ವೈರ್ ಎಂಜಿನ್‌ಗೆ ಶಕ್ತಿ ಕೊಡುವುದಿಲ್ಲ. ಇರುವ ಶಕ್ತಿ ಸೋರದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಪ್ಲಗ್‌ನ ತುದಿಯಲ್ಲಿರುವ ಸಂದನ್ನು ಕಿಡಿ ದಾಟುವವರೆಗೆ, ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಹಿಗ್ಗಿಸುವ ಕಾಯಿಲ್‌ನ ವೋಲ್ಟೇಜ್ ಏರುತ್ತಾ ಹೋಗುತ್ತದೆ. ಕಂಪ್ರೆಷನ್ ಏರಿಸಿದ ಅಥವಾ ಟರ್ಬೊ ಕೂರಿಸಿದ ಎಂಜಿನ್‌ನಲ್ಲಿ ಸಿಲಿಂಡರಿನೊಳಗಿನ ಒತ್ತಡ ಹೆಚ್ಚಾದ್ದರಿಂದ ಅದೇ ಸಂದನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಮತ್ತು ಮಾರ್ಪಾಡು ಮಾಡದ ಸ್ಟಾಕ್ ಎಂಜಿನ್‌ನಲ್ಲಿ ತಕರಾರಿಲ್ಲದೆ ನಡೆದಿದ್ದ ವೈರಿನ ಹೊದಿಕೆಯಲ್ಲಿ ಎಲ್ಲಾದರೂ ಬಿರುಕಿದ್ದರೆ ವಿದ್ಯುತ್ತು ಪ್ಲಗ್ಗನ್ನು ಬಿಟ್ಟು ಅಲ್ಲಿಂದಲೇ ಹತ್ತಿರದ ಲೋಹಕ್ಕೆ ಹಾರುತ್ತದೆ. ಕಿಡಿ ತಪ್ಪಿ ಗಾಡಿ ಮಿಸ್ಸಿಂಗ್ ಹೊಡೆಯುವುದು ಆಗಲೇ. ಹಾಗೆ ಉರಿಯದೆ ಉಳಿದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಕಾಯಿಸಿ ಹಾಳುಮಾಡುವುದರಿಂದ ನಷ್ಟ ವೈರಿನ ಬೆಲೆಗೇ ನಿಲ್ಲುವುದಿಲ್ಲ.

ಆಯ್ಕೆಯಲ್ಲಿ ಮೊದಲು ವಿಚಾರಿಸಬೇಕಾದ್ದು ಒಳಗಿನ ವಾಹಕ. ಕಾರ್ಖಾನೆಯಿಂದ ಬರುವ ಬಹುಪಾಲು ವೈರ್‌ಗಳಲ್ಲಿ ಇಂಗಾಲ ಲೇಪಿಸಿದ ನಾರಿರುತ್ತದೆ. ಅದರ ರೋಧ ಅಡಿಗೆ ಸಾವಿರಾರು ಓಮ್ ಇದ್ದು, ಕಿಡಿಯಿಂದ ಏಳುವ ರೇಡಿಯೊ ಗದ್ದಲವನ್ನು ಚೆನ್ನಾಗಿ ಅಡಗಿಸುತ್ತದೆ, ಆದರೆ ಶಾಖ ಮತ್ತು ಎಳೆತಕ್ಕೆ ಸಿಕ್ಕಿ ವರ್ಷಗಳು ಕಳೆದಂತೆ ಅಲ್ಲಲ್ಲಿ ತುಂಡಾಗುತ್ತದೆ. ಬರಿಯ ತಾಮ್ರದ ವೈರಿಗೆ ರೋಧ ಇಲ್ಲವೆನ್ನುವಷ್ಟು ಕಡಿಮೆ ಎಂದು ಕೆಲವರು ಅದನ್ನೇ ಮೆಚ್ಚುತ್ತಾರೆ. ಕಿಡಿಯ ಹೊತ್ತನ್ನು ಯಾಂತ್ರಿಕವಾಗಿ ನಿಯಂತ್ರಿಸುವ ಪಾಯಿಂಟ್ಸ್ ಇದ್ದ ಪದ್ಮಿನಿ, ಅಂಬಾಸಿಡರ್‌ಗಳ ಕಾಲಕ್ಕೆ ಅದು ನಡೆಯುತ್ತಿತ್ತೇನೋ. ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಇರುವ ಕಾರಿನಲ್ಲಿ ಅದು ಎಬ್ಬಿಸುವ ಗದ್ದಲ ಸೆನ್ಸರ್‌ಗಳ ಸಂಕೇತವನ್ನೇ ಕೆಡಿಸಬಲ್ಲದು. ನನ್ನ ಮಟ್ಟಿಗೆ ಬಾಳಿಕೆಯ ಆಯ್ಕೆಯೆಂದರೆ ಸುರುಳಿ ಸುತ್ತಿದ ಸ್ಪೈರಲ್ ವೈರ್: ಕೂದಲೆಳೆಯಂಥ ಲೋಹದ ತಂತಿಯನ್ನು ಕಾಂತೀಯ ತಿರುಳಿನ ಮೇಲೆ ಒತ್ತೊತ್ತಾಗಿ ಸುತ್ತಿರುವುದರಿಂದ ರೋಧ ಕಡಿಮೆ ಇದ್ದರೂ ಗದ್ದಲ ಹೊರಬೀಳುವುದಿಲ್ಲ. ಜೊತೆಗೆ, ಗದ್ದಲ ತಡೆಯಲು ಒಳಗೇ ರೋಧಕ ಕೂರಿಸಿದ ರೆಸಿಸ್ಟರ್ ಪ್ಲಗ್‌ಗಳನ್ನೇ ಬಳಸುವುದು ಒಳ್ಳೆಯದು. ಎನ್‌ಜಿಕೆ, ಬಾಷ್ ಪ್ಲಗ್‌ಗಳ ಸಂಕೇತದಲ್ಲಿ ಬರುವ ‘ಆರ್’ ಅಕ್ಷರ ಇದನ್ನೇ ಸೂಚಿಸುತ್ತದೆ.

7, 8 ಅಥವಾ 10 ಮಿಲಿಮೀಟರ್ ಎಂಬುದು ಹೊರಗಿನ ಹೊದಿಕೆಯ ಅಳತೆಯೇ ಹೊರತು ವಾಹಕದ್ದಲ್ಲ. ದಪ್ಪ ಹೊದಿಕೆಯಿಂದ ಸೋರಿಕೆ ತಡೆಗೆ ಅನುಕೂಲವಿದೆ, ಆದರೆ ಕಳಪೆ ರಬ್ಬರಿನ 10 ಮಿಲಿಮೀಟರಿಗಿಂತ ಒಳ್ಳೆಯ ಸಿಲಿಕೋನಿನ 8 ಮಿಲಿಮೀಟರ್ ಮೇಲು. ಸಿಲಿಕೋನ್ 200 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ತಾಳುತ್ತದೆ. ಅದರ ಕೊರತೆಯೆಂದರೆ ಸುಲಭವಾಗಿ ಹರಿದುಹೋಗುತ್ತದೆ, ಆದ್ದರಿಂದ ಒಳಗೆ ಗಾಜುನಾರಿನ ಹೆಣಿಗೆ ಇದೆಯೇ ಎಂದು ಕೇಳಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿನ ಬಾನೆಟ್ಟಿನಡಿ ಗಾಳಿಯಾಡದೆ ಕುದಿಯುವ ಬಿಸಿ ನಮಗೆಲ್ಲ ಗೊತ್ತಿರುವುದೇ. ಹೆಡರ್ಸ್ (ಎಂಜಿನ್‌ನ ಹೊಗೆ ಹೊರಹಾಕುವ ವಿಶೇಷ ಪೈಪುಗಳು) ಹಾಕಿಸಿದವರು ಅದರ ಪೈಪಿಗೆ ವೈರ್ ತಾಗದಂತೆ ಕ್ಲಿಪ್ ಹಾಕಿಸದಿದ್ದರೆ ಯಾವ ಸಿಲಿಕೋನೂ ಉಳಿಯದು.

ತಕರಾರು ಹೆಚ್ಚು ಕಾಣಿಸಿಕೊಳ್ಳುವುದು ವೈರಿನ ನಡುವೆಯಲ್ಲ, ತುದಿಯಲ್ಲಿ. 2000ದ ಆಸುಪಾಸಿನಲ್ಲಿ ಬಂದು ಇಂದಿಗೂ ಇಲ್ಲಿನ ಹವ್ಯಾಸಿಗಳ ಅಚ್ಚುಮೆಚ್ಚಾಗಿರುವ ಹೋಂಡಾ ಸಿಟಿ ವಿಟೆಕ್ ಕಾರನ್ನೇ ನೋಡಿ. ಪ್ಲಗ್‌ಗಳು ಆಳವಾದ ಕೊಳವೆಗಳ ತಳದಲ್ಲಿವೆ. ಕೊಳವೆಯ ಸೀಲ್ ಹಳತಾದರೆ ಆಯಿಲ್ ಇಳಿದು, ವೈರಿನ ತುದಿಯಲ್ಲಿ ಪ್ಲಗ್ಗನ್ನು ಮುಚ್ಚುವ ಟೊಪ್ಪಿಗೆಯಾದ ಬೂಟಿನ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಹೊರತೆಗೆದಾಗ ಕೈಗೆ ಅಂಟುತ್ತದೆ, ಒಳಮೈಯಲ್ಲಿ ಕಿಡಿ ಹರಿದ ತೆಳು ಕಪ್ಪು ಗೆರೆ ಕಾಣುತ್ತದೆ. ಸೀಲ್ ಬದಲಿಸದೆ ಎಷ್ಟು ದುಬಾರಿ ವೈರ್ ಹಾಕಿಸಿದರೂ ಅದೇ ಗತಿ. ಆ ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗುವಾಗ ಪ್ರತಿ ಪ್ಲಗ್ಗೂ 3,500 ಸಲ ಕಿಡಿ ಕೊಡಬೇಕು. ತುದಿಯ ಲೋಹದ ಕ್ಲಿಪ್ ಸಡಿಲವಿದ್ದರೆ ಅದೂ ಸುಡುತ್ತದೆ. ಬೂಟನ್ನು ಹಿಡಿದು ತಿರುಚಿ ಕೀಳಬೇಕೇ ಹೊರತು ವೈರ್ ಹಿಡಿದು ಜಗ್ಗಬಾರದೆಂದು ಮೆಕ್ಯಾನಿಕ್ ಹುಡುಗರಿಗೆ ಹೇಳಿ ಹೇಳಿ ಸಾಕಾಗಿದೆ.

ಪರೀಕ್ಷೆ ಕಷ್ಟವಲ್ಲ. ಆ ಪೀಳಿಗೆಯ ಹೋಂಡಾ ಕೈಪಿಡಿಗಳು ಒಂದು ವೈರಿನ ರೋಧ 25 ಕಿಲೋ ಓಮ್ ಮೀರಬಾರದೆನ್ನುತ್ತವೆ. ಸಾಮಾನ್ಯ ಮಲ್ಟಿಮೀಟರಿನಲ್ಲಿ ಇದು ಅರೆಕ್ಷಣದ ಕೆಲಸ. ಕತ್ತಲಲ್ಲಿ ಎಂಜಿನ್ ಚಾಲೂ ಮಾಡಿ, ಕೈಯನ್ನು ದೂರವಿಟ್ಟುಕೊಂಡು ವೈರ್ ಮೇಲೆ ನೀರನ್ನು ಮಂಜಿನಂತೆ ಸಿಂಪಡಿಸಿದರೆ ಸೋರುವ ಕಡೆ ನೀಲಿ ಕಿಡಿ ಕಾಣುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರು ಇಲಿ, ಹೆಗ್ಗಣ ಕಚ್ಚಿದ ಗುರುತನ್ನೂ ನೋಡಿಕೊಳ್ಳಬೇಕು. ಪ್ರತಿ ಪ್ಲಗ್ ಮೇಲೆಯೇ ಕಾಯಿಲ್ ಕೂರುವ ಹೊಸ ಕಾರುಗಳವರಿಗೆ ಈ ವೈರಿನ ತಲೆನೋವಿಲ್ಲ.

ಪೊಟ್ಟಣದಲ್ಲಿ ಮಾರುವ ಸರಕಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಲೇಬೇಕೆಂದು 2011ರ ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸರಕು ನಿಯಮಗಳು ಹೇಳುತ್ತವೆ. ಸಂಬಂಧಪಟ್ಟ ಇಲಾಖೆಯವರು ಬಿಡಿಭಾಗದ ಅಂಗಡಿಗಳಲ್ಲಿ ಕನಿಷ್ಠ ಇಷ್ಟನ್ನಾದರೂ ತಪಾಸಣೆ ಮಾಡಲಿ. ವಾಹಕದ ಬಗೆ, ಮೀಟರಿಗೆ ಎಷ್ಟು ಓಮ್, ಹೊದಿಕೆಯ ಶಾಖಮಿತಿ ಇವು ಮೂರನ್ನೂ ತಯಾರಕರು ತಾವಾಗಿಯೇ ಅಚ್ಚು ಹಾಕಲಿ, ಮತ್ತು ಗಿರಾಕಿ ಕೇಳಿದರೆ ಮೀಟರ್ ಹಿಡಿದು ತೋರಿಸಲು ವ್ಯಾಪಾರಿಗಳು ಬೇಸರಿಸದಿರಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಹಳೆಯ ಕಾರುಗಳ ಹವ್ಯಾಸಿ,
ಹನುಮಂತನಗರ, ಬೆಂಗಳೂರು