ನಿತ್ಯ ನಡೆಯುವ ಹಬ್ಬ

ಮಾನ್ಯರೇ,

ಜನಾಂಗಗಳ ಸಂಸ್ಕೃತಿಯನ್ನು ಪ್ರದರ್ಶಿಸುವ ಥೀಮ್ ಪಾರ್ಕ್‌ಗಳನ್ನು ‘ನಕಲಿ’ ಎಂದು ತಳ್ಳಿಹಾಕುವುದು ಸುಲಭ. ನನ್ನ ಆಕ್ಷೇಪ ಬೇರೆ. ಚೀನಾದ ಯುನ್ನಾನ್ ಪ್ರಾಂತ್ಯದ ದೈ ಜನರು ಏಪ್ರಿಲ್ ನಡುವಿನ ತಮ್ಮ ಹೊಸವರ್ಷದಲ್ಲಿ ಬುದ್ಧನ ಮೂರ್ತಿಗೆ ನೀರೆರೆದು, ಬಳಿಕ ಹಾರೈಕೆಯಾಗಿ ಒಬ್ಬರಿಗೊಬ್ಬರು ನೀರೆರಚುತ್ತಾರೆ. ಅದೇ ಪ್ರಾಂತ್ಯದ ಸಿಶ್ವಾಂಗ್‌ಬನ್ನಾದ ದೈ ಪಾರ್ಕಿನಲ್ಲಿ ಇದೇ ನೀರಾಟ ಪ್ರವಾಸಿಗರಿಗಾಗಿ ನಿತ್ಯವೂ ನಡೆಯುತ್ತದೆ. ಬೋಗುಣಿ ಅದೇ, ಎರಚುವ ಕೈಗಳೂ ಅವರವೇ; ಇಲ್ಲದಿರುವುದು ವರ್ಷವಿಡೀ ಕಾದ ಆ ದಿನ ಮಾತ್ರ. ಆದರೂ ಇದನ್ನು ಸುಳ್ಳೆನ್ನಲು ನನಗೆ ಮನಸ್ಸಾಗದು, ಏಕೆಂದರೆ ಈ ಪಾರ್ಕಿನ ಒಳಗಿರುವುದು ಜನ ಬಾಳುತ್ತಿರುವ ಹಳ್ಳಿಗಳು, ಅಲ್ಲಿನವರಿಗೆ ಇದು ಅನ್ನದ ದಾರಿಯೂ ಹೌದು.

ನಿಜವಾದ ಪ್ರಶ್ನೆ, ಯಾರನ್ನು ಹೇಗೆ ತೋರಿಸಬೇಕೆಂದು ನಿರ್ಧರಿಸುವವರು ಯಾರು ಎಂಬುದು. ಅಮೆರಿಕದ ಫ್ಲಾರಿಡಾದಲ್ಲಿ 1993ರಲ್ಲಿ ತೆರೆದು 2003ರಲ್ಲಿ ಮುಚ್ಚಿದ ‘ಸ್ಪ್ಲೆಂಡಿಡ್ ಚೀನಾ’ ಥೀಮ್ ಪಾರ್ಕಿನಲ್ಲಿ, ಟಿಬೆಟ್‌ನ ಲ್ಹಾಸಾದಲ್ಲಿ ದಲೈ ಲಾಮಾಗಳು ವಾಸವಿದ್ದ ಪೊತಾಲಾ ಅರಮನೆಯ ಪುಟ್ಟ ಪ್ರತಿಕೃತಿ ಇತ್ತು. ಟಿಬೆಟನ್ನರು ಮತ್ತು ಅವರ ಬೆಂಬಲಿಗರು ಪ್ರತಿಭಟಿಸಿದ್ದು ಅದರ ಕೆತ್ತನೆ ಸರಿಯಿಲ್ಲವೆಂದಲ್ಲ, ಟಿಬೆಟನ್ನು ಚೀನಾದ್ದೆಂದು ಬಿಂಬಿಸುವ ಪ್ರಚಾರ ಇದು ಎಂದು; ಅಲ್ಲಿ ಅವರನ್ನು ಕೇಳದೆ ಅವರ ಕಥೆ ಹೇಳಲಾಗಿತ್ತು. ಆದ್ದರಿಂದ ಇಂಥ ಪಾರ್ಕ್‌ಗಳ ಆಡಳಿತದಲ್ಲಿ ಆಯಾ ಸಮುದಾಯಕ್ಕೆ ಸ್ಥಾನವಿರಲಿ. ಯಾವ ಆಚರಣೆಯನ್ನು ಪ್ರದರ್ಶನಕ್ಕೆ ತರಬಾರದೆಂದು ಹೇಳುವ ಹಕ್ಕೂ ಅವರದ್ದಾಗಿರಲಿ.

— ಓರ್ವ ಓದುಗ